ಹಳೆಯ ಮಿನಿ ಬೈಕ್: ಗುರುತು ಮೊದಲು, ದುರಸ್ತಿ ನಂತರ

ಒಂದು ಕಾಲದಲ್ಲಿ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಹೋಗುತ್ತಿದ್ದ ಹಳೆಯ ದ್ವಿಚಕ್ರ ವಾಹನಗಳನ್ನು ಇಂದು ಹುಡುಕಿಕೊಂಡು ಬರುವ ಗ್ರಾಹಕರಿದ್ದಾರೆ. ಮೆಕ್ಯಾನಿಕ್‌ಗಳಿಗೆ, ಬಿಡಿಭಾಗದ ವರ್ತಕರಿಗೆ, ಲೇಥ್ ಕೆಲಸದ ಸಣ್ಣ ಘಟಕಗಳಿಗೆ ಇದರಿಂದ ವ್ಯವಹಾರ ದೊರೆಯುತ್ತಿದೆ. ಆದರೆ ಈ ವಹಿವಾಟಿನಲ್ಲಿ ಕೆಲಸದ ಕ್ರಮವು ಅನೇಕ ವೇಳೆ ತಲೆಕೆಳಗಾಗಿರುತ್ತದೆ. ವಾಹನ ಕೈಸೇರಿದ ಕೂಡಲೇ ಬಣ್ಣ ಮತ್ತು ಹೊಳಪಿನ ಕಡೆಗೆ ಗಮನ ಹರಿಯುತ್ತದೆ; ಅದು ನಿಜವಾಗಿ ಯಾವ ವಾಹನ, ಅದರ ಯಾವ ಭಾಗ ಮೂಲದ್ದು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಇದರಿಂದಾಗುವ ನಷ್ಟ ಕೊಳ್ಳುವವನೊಬ್ಬನದೇ ಅಲ್ಲ; ಮಾರುವ ವರ್ತಕನ ಹೆಸರೂ ಇದರೊಡನೆ ಹಾಳಾಗುತ್ತದೆ.

ಇದಕ್ಕೆ ಎಸ್ಕಾರ್ಟ್ಸ್ ಸಂಸ್ಥೆಯ ರಾಜ್‌ದೂತ್ ಜಿಟಿಎಸ್ 175 ಉತ್ತಮ ಉದಾಹರಣೆ. ಭಾರತದಲ್ಲಿ ತಯಾರಾದ ಈ ಮಿನಿ ಬೈಕ್ 1973ರ ‘ಬಾಬಿ’ ಹಿಂದಿ ಚಲನಚಿತ್ರದಲ್ಲಿ ಕಾಣಿಸಿಕೊಂಡ ಮೇಲೆ ಆ ಹೆಸರಿನಿಂದಲೇ ಜನಪ್ರಿಯವಾಯಿತು. ಗಿಡ್ಡ ಚೌಕಟ್ಟು, ಚಿಕ್ಕ ಚಕ್ರಗಳು ಇದರ ಲಕ್ಷಣ. ಎಂಜಿನ್ ಮಾತ್ರ ದೊಡ್ಡ ರಾಜ್‌ದೂತ್ 175ರದ್ದೇ. ಪೋಲೆಂಡಿನ ಎಸ್‌ಎಚ್‌ಎಲ್ ಬೈಕಿನ ಮಾದರಿಯಿಂದ ಬಂದ, 173 ಸಿಸಿ ಸಾಮರ್ಥ್ಯದ, ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿಯೇ ಅನುಕೂಲವೂ ಇದೆ, ಅಪಾಯವೂ ಇದೆ. ದೊಡ್ಡ ರಾಜ್‌ದೂತ್ ಹೇರಳವಾಗಿ ಮಾರಾಟವಾದ ವಾಹನವಾದ್ದರಿಂದ ಎಂಜಿನ್ನಿನ ಭಾಗಗಳನ್ನು ಹೊಂದಿಸುವುದು ಅಷ್ಟು ಕಷ್ಟವಲ್ಲ. ಟ್ಯಾಂಕು, ಸೀಟು, ಚೌಕಟ್ಟುಗಳು ಮಾತ್ರ ಮಿನಿ ಬೈಕಿಗೇ ಮೀಸಲಾದವು. ಆದ್ದರಿಂದಲೇ ಸಾಮಾನ್ಯ ರಾಜ್‌ದೂತ್‌ನ ಚೌಕಟ್ಟನ್ನು ಕತ್ತರಿಸಿ, ಬೆಸುಗೆ ಹಾಕಿ, ಬಾಬಿಯ ವೇಷ ತೊಡಿಸಿ ಹೆಚ್ಚಿನ ಬೆಲೆಗೆ ಮಾರುವ ಆಸೆಗೂ ಇಲ್ಲಿ ಅವಕಾಶವಿದೆ.

ಗುರುತು ಹಿಡಿಯುವ ವಿಧಾನ ಕಠಿಣವೇನಲ್ಲ. ತಾಳ್ಮೆ ಬೇಕು ಅಷ್ಟೇ. ಚಾಸಿ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಗಳಿರುವ ಜಾಗವನ್ನು ಶುಚಿಗೊಳಿಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು, ಅದನ್ನು ಆರ್.ಸಿ. ಪುಸ್ತಕದೊಡನೆ ಅಂಕಿ ಅಂಕಿಯಾಗಿ ಹೋಲಿಸಬೇಕು. ಅರ ಹಾಕಿದ ಗೆರೆಗಳು, ಸಾಲು ತಪ್ಪಿದ ಅಂಕಿಗಳು, ಸಂಖ್ಯೆಯ ಸುತ್ತ ಹೊಸ ಬೆಸುಗೆ ಕಂಡುಬಂದರೆ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಕದ್ದ ವಾಹನಕ್ಕೆ ಎಷ್ಟು ಚೆಂದದ ಬಣ್ಣ ಬಳಿದರೂ ಅದು ಕದ್ದದ್ದೇ.

ಕಾನೂನು ಸಹ ಇಂದು ಗುರುತಿಗೆ ಬೆಲೆ ಕಟ್ಟಿದೆ. ಕೇಂದ್ರ ಸರ್ಕಾರವು 2021ರಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ರೂಪಿಸಿತು. ಅದರಂತೆ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದಿರುವ ವಾಹನಕ್ಕೆ ಮಾತ್ರ ಈ ಮಾನ್ಯತೆ. ಚಾಸಿ, ಹೊರಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗಿದ್ದರೆ ಅದಕ್ಕೆ ಅರ್ಹತೆಯಿಲ್ಲ. 1970ರ ದಶಕದ ಆರಂಭದಲ್ಲಿ ನೋಂದಣಿಯಾದ ಮಿನಿ ಬೈಕುಗಳು ಈಗ ಈ ವಯಸ್ಸನ್ನು ದಾಟಿವೆ. ಅಂದರೆ, ಅವಸರದಲ್ಲಿ ಚೌಕಟ್ಟಿಗೆ ಕತ್ತರಿ ಹಾಕುವ ಕಾರ್ಯಾಗಾರವು ಮಾಲೀಕನ ಸ್ವತ್ತಿನ ಮೌಲ್ಯಕ್ಕೇ ಕತ್ತರಿ ಹಾಕಿದಂತೆ. ಇದಲ್ಲದೆ, ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿಯು ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ.

ದುರಸ್ತಿಯ ಸರದಿ ಇದಾದ ಮೇಲೆ ಬರಬೇಕು. ಅಲ್ಲಿಯೂ ಎಂಜಿನ್ ಮೊದಲು, ಬಣ್ಣ ಕೊನೆಗೆ. ವರ್ಷಗಟ್ಟಲೆ ನಿಂತ ಟೂ ಸ್ಟ್ರೋಕ್ ಎಂಜಿನ್ನನ್ನು ಒಮ್ಮೆಲೇ ಕಿಕ್ ಹೊಡೆದು ಚಾಲೂ ಮಾಡುವುದು ಅವಿವೇಕ. ಸಿಲಿಂಡರಿಗೆ ಎಣ್ಣೆ ಬಿಟ್ಟು, ಪಿಸ್ಟನ್ ಸರಾಗವಾಗಿ ಚಲಿಸುವುದೇ ಎಂದು ನಿಧಾನವಾಗಿ ನೋಡಬೇಕು. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಇರುವ ಕೋಣೆಯೇ ಮಿಶ್ರಣವನ್ನು ಒತ್ತಿ ಸಿಲಿಂಡರಿಗೆ ಕಳುಹಿಸುವುದರಿಂದ, ಒಣಗಿ ಬಿರುಕು ಬಿಟ್ಟ ಆಯಿಲ್ ಸೀಲ್‌ಗಳ ಮೂಲಕ ಗಾಳಿ ಸೇರಿದರೆ ಮಿಶ್ರಣ ತೆಳುವಾಗಿ, ಎಂಜಿನ್ ಕಾದು, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅಗ್ಗದ ಒಂದು ಸೀಲ್ ಬದಲಿಸದೆ ಬಿಟ್ಟ ತಪ್ಪಿಗೆ ಬೋರಿಂಗ್, ಹೊಸ ಪಿಸ್ಟನ್, ರಿಂಗ್‌ಗಳ ವೆಚ್ಚ ತಲೆಯ ಮೇಲೆ ಬೀಳುತ್ತದೆ. ಟ್ಯಾಂಕಿನ ಒಳಗಿನ ತುಕ್ಕು, ಕಾರ್ಬುರೇಟರಿನ ಜೆಟ್‌ಗಳಲ್ಲಿ ಕಟ್ಟಿದ ಅಂಟು, ಸೈಲೆನ್ಸರಿನಲ್ಲಿ ಕೂತ ಇಂಗಾಲ ಇವುಗಳನ್ನೂ ತೆಗೆಯಬೇಕು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಳಕೆಗೆ ಬಂದಿರುವ ಈ ಕಾಲದಲ್ಲಿ ಹಳೆಯ ರಬ್ಬರ್ ಕೊಳವೆ, ಸೀಲ್‌ಗಳು ಬೇಗನೆ ಕೆಡುವ ಸಂಭವವಿದೆ. ಎಥನಾಲ್ ತೇವವನ್ನು ಹೀರುವುದರಿಂದ ಟ್ಯಾಂಕಿಗೆ ತುಕ್ಕಿನ ಭಯವೂ ಹೆಚ್ಚು.

ಇಲ್ಲಿಯೇ ಸಣ್ಣ ಕೈಗಾರಿಕೆಗೆ ಅವಕಾಶ ಕಾಣುತ್ತದೆ. ಎಥನಾಲ್ ತಾಳುವ ಸೀಲ್, ಗ್ಯಾಸ್ಕೆಟ್, ಬುಷ್, ಕೇಬಲ್‌ಗಳನ್ನು ಸಣ್ಣ ಪ್ರಮಾಣದಲ್ಲಿ, ನಿಖರ ಅಳತೆಯಲ್ಲಿ ತಯಾರಿಸುವುದು ದೊಡ್ಡ ಕಾರ್ಖಾನೆಗೆ ಲಾಭದ ಮಾತಲ್ಲ. ಸಣ್ಣ ಘಟಕಕ್ಕೆ ಅದು ಹೊಂದುವ ಕೆಲಸ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಜಾವಾ, ಯೆಜ್ಡಿ ಬೈಕುಗಳು ರಸ್ತೆಯಿಂದ ಮರೆಯಾಗಲಿಲ್ಲ. ಬಲ್ಲ ಮೆಕ್ಯಾನಿಕ್‌ಗಳೂ ಬಿಡಿಭಾಗ ಪೂರೈಸುವವರೂ ಅವುಗಳನ್ನು ಉಳಿಸಿದರು. ತಯಾರಕ ಸಂಸ್ಥೆ ಇಲ್ಲವಾದ ಮೇಲೂ ಮಾರುಕಟ್ಟೆ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಆದರೆ ಹೀಗೆ ತಯಾರಿಸಿದ ಭಾಗಕ್ಕೆ ಹಳೆಯ ಸಂಸ್ಥೆಯ ಮುದ್ರೆ ಒತ್ತುವ ಚಾಳಿ ಕೊನೆಯಾಗಬೇಕು. ಪರರ ವ್ಯಾಪಾರ ಮುದ್ರೆಯನ್ನು ಸುಳ್ಳಾಗಿ ಬಳಸುವುದು 1999ರ ವ್ಯಾಪಾರ ಮುದ್ರೆಗಳ ಕಾಯ್ದೆಯ ಪ್ರಕಾರ 6 ತಿಂಗಳಿನಿಂದ 3 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಶಿಕ್ಷೆಯ ಮಾತು ಹಾಗಿರಲಿ. ಉತ್ತಮ ವಸ್ತುವನ್ನು ತಯಾರಿಸಿ ಅದರ ಕೀರ್ತಿಯನ್ನು ಇಲ್ಲದ ಸಂಸ್ಥೆಗೆ ಒಪ್ಪಿಸುವುದು ವ್ಯಾಪಾರದ ಜಾಣ್ಮೆಯೂ ಅಲ್ಲ. ತನ್ನ ಹೆಸರು, ತಯಾರಿಕೆಯ ವರ್ಷಗಳನ್ನು ಭಾಗದ ಮೇಲೆ ಅಚ್ಚೊತ್ತುವ ಘಟಕಕ್ಕೆ ಗ್ರಾಹಕನು ಮತ್ತೆ ಬರುತ್ತಾನೆ.

ವರ್ತಕರೂ ಒಂದು ಪದ್ಧತಿಯನ್ನು ರೂಢಿಸಿಕೊಳ್ಳಬಹುದು. ಮಾರುವ ಪ್ರತಿಯೊಂದು ಹಳೆಯ ವಾಹನದೊಡನೆ ಒಂದು ಪುಟದ ವಿವರಣೆ ಕೊಡಲಿ: ಸಂಖ್ಯೆಗಳ ಅಚ್ಚು, ಮೂಲ ಭಾಗಗಳು, ಬದಲಿಸಿದ ಭಾಗಗಳು, ಮಾಡಿದ ದುರಸ್ತಿ. ಮಾಲೀಕತ್ವದ ವರ್ಗಾವಣೆಗೆ ಬೇಕಾದ 29 ಮತ್ತು 30ನೆಯ ನಮೂನೆಗಳೂ ಜೊತೆಗಿರಲಿ. ಈ ಕ್ರಮದಿಂದ ಕೆಲವು ವ್ಯಾಪಾರಗಳು ಕೈತಪ್ಪಬಹುದು. ವೇಷ ಹಾಕಿದ ಬೈಕಿಗೆ ಅಸಲಿ ಬೈಕಿನ ಬೆಲೆ ಸಿಗದಿರಬಹುದು. ಆದರೆ ಸಂಶಯದ ಮಾರುಕಟ್ಟೆಯಲ್ಲಿ ಅಸಲಿ ವಾಹನಕ್ಕೂ ನ್ಯಾಯವಾದ ಬೆಲೆ ದೊರೆಯದು ಎಂಬುದನ್ನು ವರ್ತಕರು ಬಲ್ಲರು. ಬಳಿದ ಬಣ್ಣ ಕೆಲವು ಮಳೆಗಾಲಗಳಲ್ಲಿ ಮಾಸುತ್ತದೆ; ಬರೆದುಕೊಟ್ಟ ವಿವರ ಉಳಿಯುತ್ತದೆ, ಅದನ್ನು ಕೊಟ್ಟ ಅಂಗಡಿಯ ಹೆಸರೂ ಉಳಿಯುತ್ತದೆ.