ತಾಟು ತೊಳೆದು ಕೊಟ್ಟಿರೇನು?



ನಿಮ್ಮಲ್ಲಿ ಬಹಳ ಜನ ಕಂಪ್ಯೂಟರ್ ಓದಿದವರು, ಇಲ್ಲವೇ ಓದುತ್ತಿರುವವರು. ಇಂಗ್ಲಿಷ್ ಬಿ.ಎ. ಮುಗಿಸಿ ನಾಸಿಕದಲ್ಲಿ ಸಂಸಾರ ಹೂಡಿದ ನಾನು ನಿಮಗೆ ಮೆಮರಿಯ ವಿಷಯ ಹೇಳಹೊರಟರೆ, ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಗಾದೆಯನ್ನು ತಿರುವಿಹಾಕಿದಂತಾದೀತು. ಆದರೂ ಹೇಳುತ್ತೇನೆ. ನನ್ನ ಅಕ್ಕನ ಮಗ ಛತ್ರಪತಿ ಸಂಭಾಜಿನಗರದಲ್ಲಿದ್ದಾನೆ. 2023ರವರೆಗೆ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರು. ಅಲ್ಲಿಯ ವಾಳೂಜ್ ಕಡೆಯ ಕಾರಖಾನೆಗಳಿಗೆ ಯಂತ್ರ ನಿಯಂತ್ರಿಸುವ ಪೆಟ್ಟಿಗೆ ತಯಾರಿಸುವ ಸಣ್ಣ ಕಂಪನಿಯಲ್ಲಿ ಅವನ ಕೆಲಸ. "ಮೌಶಿ, ಮೆಮರಿ ಹಂಚೋ ಲೈಬ್ರರಿ ನಾನೇ ಬರದೀನಿ" ಎಂದು ಅವನು ಹೆಮ್ಮೆಪಟ್ಟಾಗ ನಾನು ಕೇಳಿದ್ದು ಒಂದೇ: ಇದ್ದದ್ದು ಇರುವಾಗ ನೀನೇಕೆ ಬರೆಯಬೇಕಾಯಿತು? ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಇಬ್ಬರೂ ಬಹಳ ಮಾತಾಡಿದೆವು, ನಾನು ಒಂದಿಷ್ಟು ಓದಿದೆ.

ಬಲ್ಲವರು ಈ ಭಾಗ ಹಾರಿಸಿ ಓದಿರಿ. ಸಿ ಭಾಷೆಯ ಪ್ರೋಗ್ರಾಮು ಓಡುವಾಗ ಅದಕ್ಕೆ ಆಗಾಗ ಜಾಗ ಬೇಕು. ಮ್ಯಾಲಕ್ ಎಂದು ಕೇಳಿದರೆ ಜಾಗ ಸಿಗುತ್ತದೆ, ಫ್ರೀ ಎಂದರೆ ವಾಪಸು ಹೋಗುತ್ತದೆ. ಊಟದ ಪಂಕ್ತಿಯಲ್ಲಿ ಜನರನ್ನು ಕೂಡಿಸುವ ಹಿರಿಯರಂತೆ ಇದರ ಕೆಲಸ. ಒಬ್ಬರು ಬಂದರೆ ಒಂದು ಎಲೆ, ಮನೆಮಂದಿಯೆಲ್ಲ ಬಂದರೆ ಒತ್ತಟ್ಟಿಗೆ ಐದು ಎಲೆ. ಜನ ಏಳುತ್ತ ಕೂಡುತ್ತ ಇದ್ದ ಹಾಗೆ ಅಲ್ಲೊಂದು ಇಲ್ಲೊಂದು ಎಲೆ ಖಾಲಿ ಬೀಳುತ್ತದೆ. ಎಣಿಸಿದರೆ ಹತ್ತು ಖಾಲಿ ಇವೆ, ಆದರೆ ಐದು ಮಂದಿಗೆ ಒಂದೇ ಕಡೆ ಜಾಗವಿಲ್ಲ! ಇದೇ ಮೆಮರಿ ಚೂರುಚೂರಾಗುವುದು.

ಮನೆಯ ಕಂಪ್ಯೂಟರಿನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ನಮ್ಮ ಹುಡುಗನ ಪೆಟ್ಟಿಗೆಯ ಚಿಪ್ಪಿನಲ್ಲಿ ಇರುವುದೇ 64 ಕಿಲೋಬೈಟ್. ಅದು ತಿಂಗಳುಗಟ್ಟಲೆ ನಿಲ್ಲದೆ ಓಡಬೇಕು, ಜಾಗ ಕೇಳಿದ ಕೂಡಲೇ ಸಿಗಬೇಕು. ಬ್ರಿಟನ್ನಿನ ವಾಹನ ಉದ್ಯಮದವರು 1998ರಲ್ಲಿ ಮೊದಲು ಹೊರತಂದ ಮಿಸ್ರಾ ಸಿ ಎಂಬ ನಿಯಮಾವಳಿಯಿದೆ. ಅದರ 2012ರ ಆವೃತ್ತಿಯ 21.3ನೆಯ ನಿಯಮ ಮ್ಯಾಲಕ್, ಫ್ರೀ ಬಳಸಲೇಬೇಡಿ ಎನ್ನುತ್ತದೆ. ಸಣ್ಣ ಯಂತ್ರಗಳಲ್ಲಿ ಬಹಳ ಬಳಕೆಯಲ್ಲಿರುವ ಫ್ರೀಆರ್‌ಟಾಸ್ ತನ್ನದೇ ಹಲವು ಬಗೆಯ ಹಂಚಿಕೆಗಳನ್ನು ಇಟ್ಟುಕೊಂಡಿದೆ. ಅದರಲ್ಲಿ ಮೊದಲನೆಯದು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಜಿಪುಣತನದ ಕಡೆಯ ಮೆಟ್ಟಿಲು ಎನ್ನಿ, ಆದರೆ ಭದ್ರ.

ಇವನು ಮಾಡಿದ್ದು ಪೂಲ್. ಮೊದಲೇ ಒಂದು ದೊಡ್ಡ ಜಾಗ ಹಿಡಿದು ಸಮನಾದ ತುಂಡು ಮಾಡಿಟ್ಟ. ಖಾಲಿ ತುಂಡು ಯಾವುವು ಎಂದು ಬರೆದಿಡಲು ಬೇರೆ ವಹಿ ಬೇಡ. ಪ್ರತಿ ಖಾಲಿ ತುಂಡಿನ ಒಳಗೇ ಮುಂದಿನ ಖಾಲಿ ತುಂಡಿನ ವಿಳಾಸ ಬರೆದಿರುತ್ತದೆ. ಹೇಗೂ ಖಾಲಿಯೇ ಅಲ್ಲವೇ, ಯಾರ ಅಡ್ಡಿ? ಬೇಕಾದಾಗ ಸರಪಳಿಯ ತಲೆಯಿಂದ ಒಂದನ್ನು ಬಿಡಿಸು, ಮುಗಿದಾಗ ತಲೆಗೇ ಸಿಕ್ಕಿಸು. ಬುಟ್ಟಿಯಲ್ಲಿ ಪೇರಿಸಿದ ತಾಟುಗಳ ಹಾಗೆ, ಕಡೆಗೆ ಇಟ್ಟದ್ದು ಮೊದಲು ಹೊರಗೆ ಬರುತ್ತದೆ. ಎಲ್ಲ ತುಂಡೂ ಒಂದೇ ಅಳತೆಯಾದ್ದರಿಂದ ಪಂಕ್ತಿಯ ತಂಟೆಯಿಲ್ಲ. ಇದು ಜಾಣತನ. ಅವನಿಗೆ ಇದರ ಅಗತ್ಯವೂ ಇತ್ತು.

ಆದರೆ ಪುಣೆಯಲ್ಲಿ ಕೂತು ದೊಡ್ಡ ಕಂಪ್ಯೂಟರುಗಳಿಗೆ ಬರೆಯುವ ನಿಮಗೆ? 2002ರಲ್ಲಿ ಎಮೆರಿ ಬರ್ಗರ್, ಬೆಂಜಮಿನ್ ಜೋರ್ನ್, ಕ್ಯಾಥರಿನ್ ಮೆಕಿನ್ಲಿ ಎಂಬ ಮೂವರು ಅಮೆರಿಕದಲ್ಲಿ ಇದನ್ನೇ ಅಳೆದು ನೋಡಿದರು. ತಮ್ಮದೇ ಹಂಚಿಕೆ ಬರೆದುಕೊಂಡಿದ್ದ ಎಂಟು ಪ್ರೋಗ್ರಾಮುಗಳನ್ನು ತೆಗೆದುಕೊಂಡು, ಅದರ ಬದಲಿಗೆ ಡಗ್ ಲೀ ಎಂಬವರು ಬರೆದ ಸಾಮಾನ್ಯ ಮ್ಯಾಲಕ್ ಹಾಕಿ ಓಡಿಸಿದರು. ಎಂಟರಲ್ಲಿ ಆರಕ್ಕೆ ಸ್ವಂತದ್ದರಿಂದ ಏನೂ ಲಾಭವಿರಲಿಲ್ಲ. ಡಗ್ ಲೀ ಅವರದು ಅಷ್ಟೇ ಚುರುಕು, ಇಲ್ಲವೇ ಹೆಚ್ಚೇ ಚುರುಕು. ಎಷ್ಟು ರಾತ್ರಿಗಳ ನಿದ್ದೆ ವ್ಯರ್ಥ, ನೋಡಿ!

ಗೆದ್ದ ಎರಡೂ ರೀಜನ್ ಎಂಬ ಪದ್ಧತಿಯವು. ಇದು ಮದುವೆಗೆ ಮಂಗಲ ಕಾರ್ಯಾಲಯ ಹಿಡಿದ ಹಾಗೆ. ಕೋಣೆ ಕೋಣೆಗೂ ಲೆಕ್ಕ ಕೊಡದೆ ಇಡೀ ಕಟ್ಟಡ ಹಿಡಿಯುತ್ತೇವೆ, ಮದುವೆ ಮುಗಿದ ಮೇಲೆ ಒಂದೇ ಬೀಗದಕೈ ಒಪ್ಪಿಸುತ್ತೇವೆ. ಇದರಲ್ಲಿ ಶೇಕಡಾ 44ರವರೆಗೆ ವೇಗ ಹೆಚ್ಚಿತು. ಆದರೆ ಬೀಗರು ಮಧ್ಯಾಹ್ನವೇ ಹೊರಟುಹೋದರೂ ಅವರ ಕೋಣೆ ಸಂಜೆಯವರೆಗೆ ನಮ್ಮ ಲೆಕ್ಕದಲ್ಲೇ. ಹಾಗಾಗಿ ಮೆಮರಿ ಬಹಳ ಖರ್ಚಾಗುತ್ತದೆ ಎಂಬುದನ್ನೂ ಅವರೇ ತೋರಿಸಿದರು. ಮುಂದೆ ಗೂಗಲ್, ಮೈಕ್ರೋಸಾಫ್ಟಿನಂಥವರು ತಮ್ಮದೇ ಮ್ಯಾಲಕ್ ಬರೆಸಿಕೊಂಡರು, ಖರೆ. ಅವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ, ಬೇಕಾದರೆ ಹಾಗೆಯೇ ತಂದುಕೊಳ್ಳಬಹುದು.

ಹೋಗಲಿ, ವೇಗ ಬರಲಿಲ್ಲವೆಂದರೆ ನಷ್ಟವೇನು, ಕಲಿತಂತಾಯಿತು ಎನ್ನುತ್ತೀರಿ. ಹಾಗಾದರೆ ಈ ಕಥೆ ಕೇಳಿ.

ಬ್ಯಾಂಕು, ಅಂಚೆ, ಅಂಗಡಿ ಎಲ್ಲರ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಿದೆ. 2012ರ ಮಾರ್ಚ್ ತಿಂಗಳಲ್ಲಿ ಬಂದ ಅದರ ಆವೃತ್ತಿಯಲ್ಲಿ ಒಂದು ದೋಷ ಹೊಕ್ಕಿತು, ಜಗತ್ತಿಗೆ ತಿಳಿದದ್ದು 2014ರ ಏಪ್ರಿಲ್ 7ಕ್ಕೆ. ಹೆಸರು ಹಾರ್ಟ್‌ಬ್ಲೀಡ್. "ನಾನು ಕಳಿಸಿದ್ದನ್ನೇ ತಿರುಗಿ ಕಳಿಸು" ಎಂದು ಕೇಳುವ ಸೌಲಭ್ಯ ಅದರಲ್ಲಿತ್ತು. ಕಳಿಸುವವನು ಒಂದೇ ಅಕ್ಷರ ಕೊಟ್ಟು "64 ಸಾವಿರ ಅಕ್ಷರ ಕೊಟ್ಟಿದ್ದೇನೆ" ಎಂದರೆ, ಎಣಿಸದೆಯೇ ಪಕ್ಕದ ಜಾಗದಲ್ಲಿ ಇದ್ದದ್ದನ್ನೆಲ್ಲ ಬಳಿದು ಕಳಿಸುತ್ತಿತ್ತು! ಬೇರೆಯವರ ಪಾಸ್‌ವರ್ಡು, ಗುಪ್ತ ಕೀಲಿ, ಏನಿದ್ದರೂ.

ಮೂಲ ತಪ್ಪು ಎಣಿಸದೆ ಕೊಟ್ಟದ್ದೇ. ಆದರೆ ಓಪನ್‌ಎಸ್‌ಎಸ್‌ಎಲ್‌ನವರು ಕೆಲವು ಕಂಪ್ಯೂಟರುಗಳಲ್ಲಿ ಮ್ಯಾಲಕ್ ನಿಧಾನವೆಂದು ತಮ್ಮದೇ ತಾಟಿನ ಬುಟ್ಟಿ ಇಟ್ಟುಕೊಂಡಿದ್ದರು. ಬುಟ್ಟಿಗೆ ಬಂದ ತಾಟನ್ನು ತೊಳೆಯದೆ, ಎಂಜಲು ಸಮೇತ ಮುಂದಿನವರಿಗೆ ಬಡಿಸಲು ಕೊಡುವ ಪದ್ಧತಿ. ಓಪನ್‌ಬಿಎಸ್‌ಡಿ ಎಂಬ ವ್ಯವಸ್ಥೆಯ ಮ್ಯಾಲಕ್‌ನಲ್ಲಿ ವಾಪಸು ಬಂದ ಜಾಗಕ್ಕೆ ಕಸ ತುಂಬಿಸುವ, ಗಡಿ ದಾಟಿ ಓದಿದರೆ ಪ್ರೋಗ್ರಾಮನ್ನೇ ಕೆಡವುವ ಕಾವಲುಗಳಿದ್ದವು. ಸ್ವಂತ ಬುಟ್ಟಿಯಿಂದಾಗಿ ಆ ಕಾವಲುಗಾರರಿಗೆ ಒಳಗೆ ಪ್ರವೇಶವೇ ಇಲ್ಲದಂತಾಯಿತು ಎಂದು ಅದರ ಮುಖ್ಯಸ್ಥ ಥಿಯೋ ಡಿ ರಾಟ್ ಸಿಟ್ಟಾದರು. ಆ ಬುಟ್ಟಿಯನ್ನು ಬಂದು ಮಾಡುವ ಗುಂಡಿಯೂ ಇತ್ತು. ಬಂದು ಮಾಡಿದರೆ ಪ್ರೋಗ್ರಾಮೇ ಕೆಟ್ಟಿತು! ಏಕೆಂದರೆ ಒಂದು ಕಡೆ ಅದು ತಾನು ಹಿಂದಿರುಗಿಸಿದ ತಾಟನ್ನೇ ಮರುಕ್ಷಣ ಕೇಳಿ ಪಡೆದು, ತನ್ನ ಎಂಜಲು ಅಲ್ಲೇ ಇರುತ್ತದೆಂದು ನಂಬಿ ಊಟ ಮುಂದುವರಿಸುತ್ತಿತ್ತು. ಗುಂಡಿ ಒತ್ತಿ ಪರೀಕ್ಷಿಸಿದ್ದರೆ ಆಗಲೇ ತಿಳಿಯುತ್ತಿತ್ತು. ಅದೇ ಏಪ್ರಿಲ್ಲಿನಲ್ಲಿ ಓಪನ್‌ಬಿಎಸ್‌ಡಿಯವರು ಬೇರೆಯಾಗಿ ಲಿಬ್ರೆಎಸ್‌ಎಸ್‌ಎಲ್ ಹೂಡಿದರು.

ಇದನ್ನು ಓದಿದ ಮೇಲೆ ನಮ್ಮ ಹುಡುಗನಿಗೆ ಫೋನು ಮಾಡಿ ಕೇಳಿದೆ: "ನೀ ತಾಟು ತೊಳೀತೀಯೇನಪ್ಪಾ?" ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಕೂತು ಎರಡು ಕೆಲಸ ಮಾಡಿದ. ವಾಪಸು ಬಂದ ತುಂಡಿನ ತುಂಬ ಒಂದೇ ಗುರುತಿನ ಕಸ ತುಂಬಿದ, ಅದನ್ನು ಯಾರಾದರೂ ಮತ್ತೆ ಓದಿದರೆ ಕಣ್ಣಿಗೆ ಹೊಡೆಯುವಂತೆ. ಜೊತೆಗೆ, ಮೇಜಿನ ಕಂಪ್ಯೂಟರಿನಲ್ಲಿ ಪರೀಕ್ಷಿಸುವಾಗ ಪೂಲನ್ನು ಬದಿಗಿಟ್ಟು ಸಾಮಾನ್ಯ ಮ್ಯಾಲಕ್ ಬಳಸುವ ಗುಂಡಿ ಇಟ್ಟ. ಅಡ್ರೆಸ್ ಸ್ಯಾನಿಟೈಸರ್ ಎಂಬ ತಪಾಸಣೆಯವನಿಗೆ ಪೂಲಿನ ಒಳಗಿನ ತುಂಡುಗಳು ಬೇರೆ ಬೇರೆಯಾಗಿ ಕಾಣುವುದಿಲ್ಲವಂತೆ, ನಾವೇ ಗುರುತು ಹಾಕಿ ಕೊಡಬೇಕಂತೆ. ಮ್ಯಾಲಕ್ ಆದರೆ ಅವನಿಗೆ ಎಲ್ಲ ಕಾಣುತ್ತದೆ.

ಮೊದಲ ರಾತ್ರಿಯೇ ಪ್ರೋಗ್ರಾಮು ಎರಡು ಕಡೆ ಬಿತ್ತು. ಎರಡೂ ತಪ್ಪು ತನ್ನ ಜೊತೆಗಾರನವು ಎಂದು ಹೇಳಿದ. ನಾನು ಹೂಂ ಎಂದೆ.