ಹೊಗೆ ನಿಯಂತ್ರಣ: ಬಿಡದಿಗೆ ಬೇಕು ಪರೀಕ್ಷೆಯ ಶಿಸ್ತು

ಬಿಡದಿ: ಕಟ್ಟಡಕ್ಕೆ ಬೆಂಕಿ ಬಿದ್ದಾಗ ಜ್ವಾಲೆಗಿಂತ ಮೊದಲು ಮನುಷ್ಯನನ್ನು ಮುಟ್ಟುವುದು ಹೊಗೆ. ಕಣ್ಣು ಕತ್ತಲಾಗಿಸಿ, ದಾರಿ ತಪ್ಪಿಸಿ, ಇಂಗಾಲದ ಮಾನಾಕ್ಸೈಡಿನಿಂದ ಪ್ರಜ್ಞೆ ಕಸಿದುಕೊಳ್ಳುವ ಈ ಶತ್ರುವನ್ನು ತಡೆಯಲು ದೊಡ್ಡ ವಾಣಿಜ್ಯ ಕಟ್ಟಡಗಳಲ್ಲಿ ಫ್ಯಾನು, ಡಕ್ಟು, ಡ್ಯಾಂಪರುಗಳ ವ್ಯವಸ್ಥೆಯನ್ನೇನೋ ಅಳವಡಿಸಲಾಗುತ್ತದೆ. ಆದರೆ ಅಗತ್ಯ ಬಿದ್ದ ಆ ಒಂದು ದಿನ ಅದು ಕೆಲಸ ಮಾಡುತ್ತದೆಯೇ? ಶೆಡ್ಡುಗಳ ಊರಾಗಿದ್ದು ಈಗ ಬಹುಮಹಡಿ ಕಟ್ಟಡಗಳ ನಿರೀಕ್ಷೆಯಲ್ಲಿರುವ ಬಿಡದಿ ಕೈಗಾರಿಕಾ ಪ್ರದೇಶ ಈ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳಬೇಕಿದೆ.

ಕಾರ್ಲ್ಟನ್ ಕಲಿಸಿದ ಪಾಠ

ಪಾಠಕ್ಕಾಗಿ ದೂರ ಹೋಗಬೇಕಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಸಂಭವಿಸಿದ ದುರಂತ 9 ಮಂದಿಯನ್ನು ಬಲಿ ತೆಗೆದುಕೊಂಡಿತು. ಇಡೀ ಕಟ್ಟಡವೇನೂ ಹೊತ್ತಿ ಉರಿಯಲಿಲ್ಲ. ವಿದ್ಯುತ್ ಕೇಬಲ್‌ಗಳು ಸಾಗುವ ಡಕ್ಟಿನಲ್ಲಿ ಕಾಣಿಸಿಕೊಂಡ ಬೆಂಕಿಯ ಹೊಗೆ ಮಹಡಿಯಿಂದ ಮಹಡಿಗೆ ಏರಿತು. ಉಸಿರುಗಟ್ಟಿದ ಕೆಲವರು ಕಿಟಕಿ ಒಡೆದು ಕೆಳಗೆ ಜಿಗಿದರು. ಹೊರಹೋಗುವ ಬಾಗಿಲುಗಳಿಗೆ ಬೀಗ ಬಿದ್ದಿದ್ದ ಸಂಗತಿಯೂ ಆಗ ವರದಿಯಾಗಿತ್ತು. ಮೃತರ ಬಂಧುಮಿತ್ರರು ‘ಬಿಯಾಂಡ್ ಕಾರ್ಲ್ಟನ್’ ಎಂಬ ವೇದಿಕೆ ಕಟ್ಟಿಕೊಂಡು ಅಗ್ನಿ ಸುರಕ್ಷತೆಯ ಜಾಗೃತಿಗೆ ಇಳಿದರು.

ದೇಶದ ಇತರೆಡೆಯ ಅನುಭವವೂ ಭಿನ್ನವಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಮೃತಪಟ್ಟದ್ದು ಮುಖ್ಯವಾಗಿ ಉಸಿರುಗಟ್ಟಿ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹುಟ್ಟಿದ ಹೊಗೆ ಮೇಲಿನ ವಾರ್ಡುಗಳನ್ನು ತುಂಬಿಕೊಂಡು ಸುಮಾರು 90 ಜೀವಗಳನ್ನು ಕಸಿಯಿತು. ಮೂರೂ ಕಡೆ ಬೆಂಕಿ ಹೊತ್ತಿಕೊಂಡ ಜಾಗ ಒಂದು, ಜನ ಸತ್ತ ಜಾಗ ಇನ್ನೊಂದು. ಇವೆರಡರ ನಡುವಿನ ದಾರಿಯನ್ನು ಮುಚ್ಚುವುದೇ ಹೊಗೆ ನಿಯಂತ್ರಣದ ಉದ್ದೇಶ.

ವ್ಯವಸ್ಥೆ ಹೇಗಿರಬೇಕು?

ಭಾರತೀಯ ಮಾನಕ ಬ್ಯೂರೊ ಪ್ರಕಟಿಸಿದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಈ ಕುರಿತು ವಿವರವಾಗಿ ಹೇಳುತ್ತದೆ. ಅದರ ಸಾರ ಎರಡು ಮಾತಿನಲ್ಲಿದೆ. ಒಂದು, ಬೆಂಕಿ ಬಿದ್ದ ಭಾಗದಿಂದ ಹೊಗೆಯನ್ನು ಹೊರಗೆ ಎಳೆಯಬೇಕು. ಇನ್ನೊಂದು, ಜನ ಇಳಿದು ಬರುವ ಮೆಟ್ಟಿಲ ಬಾವಿಗೆ ಶುದ್ಧ ಗಾಳಿ ತುಂಬಿ, ಹೊಗೆ ಒಳನುಸುಳದಂತೆ ಒತ್ತಡ ಕಾಯ್ದುಕೊಳ್ಳಬೇಕು. ಮೆಟ್ಟಿಲ ಬಾವಿಗೆ ಸಂಹಿತೆ ಸೂಚಿಸುವ ಹೆಚ್ಚುವರಿ ಒತ್ತಡ 50 ಪ್ಯಾಸ್ಕಲ್. ಇದು 5 ಮಿಲಿಮೀಟರ್ ಎತ್ತರದ ನೀರು ಒತ್ತುವಷ್ಟೇ ಬಲ. ನೆಲಮಾಳಿಗೆಯಲ್ಲಿ ಬೆಂಕಿಯ ವೇಳೆ ಗಂಟೆಗೆ 12 ಬಾರಿ, ಅಂದರೆ 5 ನಿಮಿಷಕ್ಕೊಮ್ಮೆ ಗಾಳಿ ಪೂರ್ತಿಯಾಗಿ ಬದಲಾಗಬೇಕು. ಹೊಗೆ ಎಳೆಯುವ ಫ್ಯಾನುಗಳು 250 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ 2 ಗಂಟೆ ಕಾಲ ತಿರುಗುವ ಶಕ್ತಿ ಹೊಂದಿರಬೇಕು.

50 ಪ್ಯಾಸ್ಕಲ್ ಎಂಬುದು ಅತಿ ಸೂಕ್ಷ್ಮ ಬಲ. ಒಂದು ಬಾಗಿಲಿಗೆ ಇಟ್ಟಿಗೆ ಒತ್ತುಕೊಟ್ಟು ತೆರೆದಿಟ್ಟರೆ ಸಾಕು, ಲೆಕ್ಕವೆಲ್ಲ ತಲೆಕೆಳಗು. ಒತ್ತಡ ಮಿತಿಮೀರಿದರೆ ಮತ್ತೊಂದು ಅಪಾಯ: ಓಡಿಬಂದ ಮಹಿಳೆಗೋ ವೃದ್ಧರಿಗೋ ಮೆಟ್ಟಿಲ ಬಾಗಿಲನ್ನು ತಳ್ಳಿ ತೆರೆಯುವುದೇ ಸಾಧ್ಯವಾಗದು. ಆದ್ದರಿಂದ ಉಪಕರಣ ಇದೆಯೇ ಎಂದು ನೋಡಿ ಟಿಕ್ ಹಾಕುವ ತಪಾಸಣೆ ಇಲ್ಲಿ ನಿರುಪಯುಕ್ತ. ಅಳತೆಯೇ ಆಗಬೇಕು.

ಪರೀಕ್ಷೆ ಎಂದರೆ ಏನು?

ನಿಜವಾದ ಪರೀಕ್ಷೆ ಆರಂಭವಾಗುವುದು ಹೊಗೆ ಪತ್ತೆ ಸಾಧನದಿಂದ. ಯಾವುದಾದರೂ ಒಂದು ಮಹಡಿಯ ಸಾಧನಕ್ಕೆ ಕೃತಕ ಸಂಕೇತ ಕೊಟ್ಟರೆ, ಆ ಮಹಡಿಯ ಹವಾನಿಯಂತ್ರಣ ತಾನಾಗಿಯೇ ನಿಲ್ಲಬೇಕು, ಮುಚ್ಚಬೇಕಾದ ಡ್ಯಾಂಪರುಗಳು ಮುಚ್ಚಿ ತೆರೆಯಬೇಕಾದವು ತೆರೆಯಬೇಕು, ಹೊಗೆ ಎಳೆಯುವ ಫ್ಯಾನು ಮತ್ತು ಮೆಟ್ಟಿಲಿಗೆ ಗಾಳಿ ತುಂಬುವ ಫ್ಯಾನು ಚಾಲೂ ಆಗಬೇಕು. ಬಳಿಕ ಪ್ರತಿ ಮಹಡಿಯಲ್ಲಿ ಬಾಗಿಲಿನ ಎರಡೂ ಬದಿಯ ಒತ್ತಡದ ವ್ಯತ್ಯಾಸವನ್ನೂ, ಬಾಗಿಲು ತೆರೆಯಲು ಬೇಕಾಗುವ ಬಲವನ್ನೂ ಉಪಕರಣದಿಂದ ಅಳೆದು ಬರೆದಿಡಬೇಕು. ಕೊನೆಗೆ ಮುಖ್ಯ ವಿದ್ಯುತ್ ಸಂಪರ್ಕ ಕಡಿದು, ಜನರೇಟರ್ ಬಲದಲ್ಲಿ ಇದೆಲ್ಲವನ್ನೂ ಮತ್ತೊಮ್ಮೆ ನಡೆಸಿ ನೋಡಬೇಕು.

ನಾಟಕದ ರಂಗಕ್ಕೆ ಬಿಡುವಂಥ ತಣ್ಣನೆಯ ಹೊಗೆ ಬಿಟ್ಟು, ಅದು ಹೊರಹೋಯಿತೆಂದು ಸಮಾಧಾನಪಡುವ ಕ್ರಮವೂ ಇದೆ. ಸೋರಿಕೆ ಎಲ್ಲಿದೆ ಎಂದು ಪತ್ತೆ ಹಚ್ಚಲು ಅದು ಉಪಯುಕ್ತ. ವ್ಯವಸ್ಥೆಯ ಸಾಮರ್ಥ್ಯಕ್ಕೆ ಪುರಾವೆಯಲ್ಲ. ಬೆಂಕಿಯ ಬಿಸಿ ಹೊಗೆ ಏರುವ ವೇಗ, ಒತ್ತುವ ಬಲ ಎರಡೂ ತಣ್ಣನೆಯ ಹೊಗೆಗಿಲ್ಲ.

ಎಷ್ಟು ದಿನಕ್ಕೊಮ್ಮೆ ಪರೀಕ್ಷೆ? ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 92ನೇ ಮಾನದಂಡದ ಪ್ರಕಾರ ಹೊಗೆ ನಿಯಂತ್ರಣಕ್ಕೆಂದೇ ಮೀಸಲಾದ ವ್ಯವಸ್ಥೆಗೆ 6 ತಿಂಗಳಿಗೊಮ್ಮೆ, ನಿತ್ಯದ ಹವಾನಿಯಂತ್ರಣದೊಡನೆ ಹಂಚಿಕೊಂಡ ವ್ಯವಸ್ಥೆಗೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಈ ವ್ಯತ್ಯಾಸಕ್ಕೆ ಕಾರಣ ಸರಳ. ದಿನವೂ ತಿರುಗುವ ಫ್ಯಾನು ಕೆಟ್ಟರೆ ಸೆಕೆಯಾಗಿ ನೌಕರರೇ ದೂರುತ್ತಾರೆ. ವರ್ಷವಿಡೀ ಸುಮ್ಮನಿರುವ ಫ್ಯಾನು ಕೆಟ್ಟರೆ ಹೇಳುವವರಿಲ್ಲ.

ಸುಮ್ಮನಿರುವ ಈ ಯಂತ್ರಗಳ ದೋಷಗಳೂ ಕಣ್ಣಿಗೆ ಬೀಳುವಂಥವಲ್ಲ. ವಿದ್ಯುತ್ ದುರಸ್ತಿಯ ನಂತರ ತಂತಿಗಳು ಅದಲುಬದಲಾಗಿ ಫ್ಯಾನು ಹಿಮ್ಮುಖವಾಗಿ ತಿರುಗಬಹುದು. ಹೊಸ ಬಾಡಿಗೆದಾರ ಒಳಾಂಗಣ ಬದಲಿಸುವಾಗ ಹೊಗೆ ಎಳೆಯುವ ಕಿಂಡಿ ಫಾಲ್ಸ್ ಸೀಲಿಂಗ್‌ನ ಮೇಲೆ ಸೇರಿಹೋಗಬಹುದು. ಹೊಸ ಕೇಬಲ್ ಎಳೆಯಲು ಕೊರೆದ ರಂಧ್ರವನ್ನು ಮುಚ್ಚದೇ ಬಿಡಬಹುದು. ಕಾರ್ಲ್ಟನ್‌ನಲ್ಲಿ ಹೊಗೆ ಮೇಲೇರಿದ್ದು ಕೇಬಲ್ ದಾರಿಯಿಂದಲೇ ಎಂಬುದನ್ನು ಮರೆಯಲಾಗದು.

ಬಿಡದಿಯ ಮುಂದಿರುವ ಸವಾಲು

ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಗೆ ಕೈಗಾರಿಕಾ ನಕ್ಷೆಯಲ್ಲಿ ದೊಡ್ಡ ಸ್ಥಾನ ದೊರೆತದ್ದು 1999ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರು ಉತ್ಪಾದನೆ ಆರಂಭಿಸಿದ ಮೇಲೆ. ಇಂದಿಗೂ ಇಲ್ಲಿ ಹೆಚ್ಚಾಗಿ ಕಾಣುವುದು ವಿಶಾಲವಾದ, ಎತ್ತರದ ಛಾವಣಿಯ ಶೆಡ್ಡುಗಳು. ಛಾವಣಿಯ ಮೇಲೆ ಗಾಳಿಗೆ ತಿರುಗುವ ಉರುಟು ವೆಂಟಿಲೇಟರುಗಳನ್ನೇ ಹೊಗೆ ನಿಯಂತ್ರಣವೆಂದು ಭಾವಿಸುವುದು ತಪ್ಪಾದೀತು. ಅವು ದಿನನಿತ್ಯದ ಸೆಕೆ ಕಳೆಯಲು ಇರುವಂಥವು. ಶೆಡ್ಡಿನ ಮಗ್ಗುಲಲ್ಲೇ ಇರುವ ಆಡಳಿತ ಕಚೇರಿ, ಕ್ಯಾಂಟೀನು, ದಾಸ್ತಾನು ಮಳಿಗೆ, ಹೆದ್ದಾರಿ ಬದಿಯ ಹೋಟೆಲುಗಳ ಅಗತ್ಯವೇ ಬೇರೆ.

ಮುಂದಿನ ದಿನಗಳ ಚಿತ್ರ ಇನ್ನೂ ಬೇರೆ. ಬಿಡದಿ ಸುತ್ತ ಸುಮಾರು 9 ಸಾವಿರ ಎಕರೆಯಲ್ಲಿ ಸಮಗ್ರ ಉಪನಗರ ನಿರ್ಮಿಸುವ ಸರ್ಕಾರದ ಯೋಜನೆಗೆ 2025ರಲ್ಲಿ ಚಾಲನೆ ದೊರೆತಿದ್ದು, ಭೂಮಿ ಕಳೆದುಕೊಳ್ಳುವ ರೈತರ ವಿರೋಧವೂ ಅಷ್ಟೇ ತೀವ್ರವಾಗಿದೆ. ಆ ವಿವಾದ ಹೇಗೇ ಇತ್ಯರ್ಥವಾಗಲಿ, ಬೆಂಗಳೂರಿನ ಒತ್ತಡ ಈ ಭಾಗದತ್ತ ಹರಿಯುವುದು ನಿಲ್ಲದು. ಗಾಜಿನ ಹೊದಿಕೆಯ, ಕಿಟಕಿ ತೆರೆಯಲಾಗದ ಕಚೇರಿ ಕಟ್ಟಡಗಳು ಬಂದಾಗ ಒಳಗಿರುವವರ ಉಸಿರು ಯಂತ್ರಗಳನ್ನೇ ನಂಬಿರುತ್ತದೆ.

ಪತ್ರ ಬೇಕು, ಪತ್ರವಷ್ಟೇ ಸಾಲದು

ಎತ್ತರದ ಕಟ್ಟಡಗಳಿಗೆ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ನಿರ್ಮಾಣಕ್ಕೆ ಮುನ್ನ ನಿರಾಕ್ಷೇಪಣಾ ಪತ್ರವನ್ನೂ, ವಾಸಯೋಗ್ಯವಾಗುವ ಮುನ್ನ ಅನುಮತಿ ಪತ್ರವನ್ನೂ ನೀಡುತ್ತದೆ. ಕಟ್ಟಡ ಸಂಹಿತೆ ಮಾತ್ರ ಸ್ವತಃ ಕಾನೂನಲ್ಲ. ರಾಜ್ಯ ತನ್ನ ನಿಯಮಗಳಲ್ಲಿ ಅಳವಡಿಸಿಕೊಂಡಷ್ಟಕ್ಕೇ ಅದಕ್ಕೆ ಬಲ. ಪತ್ರ ಹೇಳುವುದು ಆ ದಿನದ ಸ್ಥಿತಿಯನ್ನು. ಹತ್ತು ಬಾಡಿಗೆದಾರರು ಬಂದುಹೋದ ನಂತರದ ಸ್ಥಿತಿಯನ್ನಲ್ಲ.

ಆದ್ದರಿಂದ ಆಗಬೇಕಾದದ್ದು ಮೂರು. ಪ್ರತಿ ವಾಣಿಜ್ಯ ಕಟ್ಟಡದಲ್ಲಿ ಮೊದಲ ದಿನದ ಅಳತೆಗಳನ್ನು ಒಳಗೊಂಡ ಪರೀಕ್ಷಾ ಪುಸ್ತಕ ಇರಬೇಕು, ಪ್ರತಿ ಪರೀಕ್ಷೆಯ ಅಂಕಿಗಳನ್ನು ಅದರೊಡನೆ ಹೋಲಿಸಬೇಕು. ಅಳೆಯುವವರು ವ್ಯವಸ್ಥೆ ಅಳವಡಿಸಿದ ಗುತ್ತಿಗೆದಾರರೇ ಆಗಿರಬಾರದು. ಒಳಾಂಗಣ ಬದಲಾದಾಗಲೆಲ್ಲ ಮರುಪರೀಕ್ಷೆ ಕಡ್ಡಾಯವಾಗಬೇಕು, ಫಲಿತಾಂಶ ಅಲ್ಲಿ ದುಡಿಯುವವರ ಕಣ್ಣಿಗೆ ಬೀಳುವಂತಿರಬೇಕು.

ಖರ್ಚು ಎಂದು ಗೊಣಗುವವರಿದ್ದಾರೆ. ಅರ್ಧ ದಿನದ ಪರೀಕ್ಷೆಗಾಗಿ ಕಚೇರಿ ತೆರವು ಮಾಡುವುದು ಮಾಲೀಕರಿಗೆ ತೊಂದರೆಯೇ ಸರಿ. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ ಎಂಬ ಹಿರಿಯರ ಮಾತು ಹೊಗೆಗೂ ಸಲ್ಲುತ್ತದೆ. ಬಿಡದಿಯ ಎತ್ತರದ ಕಟ್ಟಡಗಳು ಇನ್ನೂ ಹೆಚ್ಚಿನಂಶ ನಕ್ಷೆಯಲ್ಲಿಯೇ ಇವೆ. ನಿಯಮ ರೂಪಿಸಲು ಇದಕ್ಕಿಂತ ಸುಲಭದ ಕಾಲ ಮತ್ತೆ ಬಾರದು.