ಪರೀಕ್ಷೆಗೆ ಕಾಲ ಯಾವುದು?

ಮೊನ್ನೆ ಸಾಯಂಕಾಲ ನೆರೆಮನೆಯ ಗೃಹಸ್ಥರು ನಮ್ಮ ಜಗಲಿಗೆ ಬಂದು ಕುಳಿತವರು, "ಮೇಷ್ಟ್ರೇ, ನಮ್ಮ ಹುಡುಗಿ ಈ ವರ್ಷ ಐದನೆಯ ತರಗತಿ. ಅವಳಿಗೂ ಆ ದೊಡ್ಡ ಪರೀಕ್ಷೆ ಬಂದೀತೇ? ಬರುವುದಾದರೆ ಯಾವಾಗ?" ಎಂದು ಕೇಳಿದರು. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳತಕ್ಕವರು ಸರಕಾರದವರು ಮತ್ತು ನ್ಯಾಯಸ್ಥಾನದವರು. ಎರಡನೆಯದರ ವಿಷಯದಲ್ಲಿ ಮಾತ್ರ, ಮೂವತ್ತೈದು ವರ್ಷ ಪಾಠ ಹೇಳಿದವನಾದುದರಿಂದ, ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

2024ನೆಯ ಇಸವಿಯ ಮಾರ್ಚ್ ಮಾಸವನ್ನು ಮಕ್ಕಳೊಂದಿಗರು ಮರೆತಿರಲಾರರು. ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನಪತ್ರಿಕೆಯ ಪರೀಕ್ಷೆಯು ಆ ತಿಂಗಳ 11ನೆಯ ತಾರೀಖಿಗೆ ಗೊತ್ತಾಗಿತ್ತು. 6ನೆಯ ತಾರೀಖು ಹೈಕೋರ್ಟಿನ ಏಕಸದಸ್ಯ ಪೀಠವು ಪರೀಕ್ಷೆಯ ಆಜ್ಞೆಯನ್ನು ರದ್ದುಗೊಳಿಸಿತು. ಮರುದಿನವೇ ವಿಭಾಗೀಯ ಪೀಠವು ಆ ತೀರ್ಪನ್ನು ತಡೆಹಿಡಿಯಿತು. 11ಕ್ಕೆ ಮಕ್ಕಳು ಬರೆಯತೊಡಗಿದರು. 12ಕ್ಕೆ ಸುಪ್ರೀಂ ಕೋರ್ಟು ಆ ತಡೆಯನ್ನೇ ತೆಗೆದುಹಾಕಿತು. ಎರಡು ಪತ್ರಿಕೆ ಮುಗಿದು, ಉಳಿದವು ನಡುನೀರಿನಲ್ಲಿ ನಿಂತವು.

ನಾನಾಗ ಇನ್ನೂ ಉದ್ಯೋಗದಲ್ಲಿದ್ದೆನು. 13ನೆಯ ತಾರೀಖು ಐದನೆಯ ತರಗತಿಯ ಬಾಲಕನೊಬ್ಬನು, ಬರೆಯುವ ರಟ್ಟನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತು, "ಸಾರ್, ನಾವೇನಾದರೂ ತಪ್ಪು ಬರೆದೆವೇ?" ಎಂದು ಕೇಳಿದನು. ನ್ಯಾಯಸ್ಥಾನದ ಸಂಗತಿಯನ್ನು ವಿವರಿಸಹೊರಟವನು ಅರ್ಧಕ್ಕೇ ನಿಲ್ಲಿಸಿದೆನು. 22ಕ್ಕೆ ಹೈಕೋರ್ಟು ಅನುಮತಿಯಿತ್ತ ಮೇಲೆ, 25ರಿಂದ ಉಳಿದ ವಿಷಯಗಳು ನಡೆದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೂ ತಡೆಯನ್ನಿತ್ತಿತು. ಹಿರಿಯರ ವ್ಯಾಜ್ಯದಲ್ಲಿ ಯಾರ ಪಕ್ಷ ನ್ಯಾಯವೆಂಬುದನ್ನು ನಾನು ಹೇಳಲಾರೆ. ಆದರೆ ಅಕ್ಟೋಬರಿನಲ್ಲಿ ಹೊರಟ ಆಜ್ಞೆಯ ವಿಚಾರವು ಮಾರ್ಚಿಯವರೆಗೆ ತೀರದೆ ಉಳಿದು, ಅದರ ಭಾರವು ಹತ್ತು ವರ್ಷದ ಕೂಸಿನ ತಲೆಯ ಮೇಲೆ ಬಿದ್ದುದು ಅನ್ಯಾಯವೇ ಸರಿ.

ಪರೀಕ್ಷೆಯೇ ಬೇಡವೆನ್ನುವವನು ನಾನಲ್ಲ. ಎಂಟನೆಯ ತರಗತಿಗೆ ಬಂದರೂ ತಾಯಿಯ ಹೆಸರನ್ನು ತಪ್ಪಿಲ್ಲದೆ ಬರೆಯಲಾರದ ಮಕ್ಕಳನ್ನು ಕಂಡಿದ್ದೇನೆ. ಅದನ್ನು ಅಷ್ಟು ಕಾಲ ಯಾರೂ ಕಾಣದೆ ಹೋದುದು ನಮ್ಮ ವರ್ಗದವರ ತಪ್ಪು, ನನ್ನದೂ ಅದರಲ್ಲಿ ಸೇರಿದೆ. ಪರೀಕ್ಷಾ ಎಂಬ ಶಬ್ದವು 'ಪರಿ' ಎಂಬ ಉಪಸರ್ಗದೊಡನೆ 'ಈಕ್ಷ್' ಧಾತುವಿನಿಂದ ಬಂದುದು. ಸುತ್ತಲೂ ನೋಡುವುದೆಂದು ಅದರ ಅರ್ಥ. ನಾನು ಬಾಲ್ಯದಲ್ಲಿ ಸಂಸ್ಕೃತ ಕಲಿತ ಪಾಠಶಾಲೆಯಲ್ಲಿ ಅಷ್ಟಮಿ, ಚತುರ್ದಶಿ, ಪ್ರತಿಪತ್ತುಗಳಲ್ಲಿ ಅನಧ್ಯಯನವಿತ್ತು, ಆದರೆ ಪರೀಕ್ಷೆಗೆಂದು ಬೇರೊಂದು ತಿಥಿ ಇರಲಿಲ್ಲ. ನಿನ್ನೆಯ ಸಂಥೆಯನ್ನು ಒಪ್ಪಿಸಿದ ಹೊರತು ಇಂದಿನ ಸಂಥೆ ದೊರೆಯುತ್ತಿರಲಿಲ್ಲ. ಗುರುಗಳು ತಪ್ಪನ್ನು ಕಂಡ ಗಳಿಗೆಯಲ್ಲಿಯೇ ತಿದ್ದುತ್ತಿದ್ದರು. (ಕಿವಿಯನ್ನೂ ಹಿಂಡುತ್ತಿದ್ದರು, ಅದು ಈಗ ಬೇಡ.)

ಈಗಿನ ಏರ್ಪಾಟನ್ನು ನೋಡಿ. 2009ರ ಶಿಕ್ಷಣದ ಹಕ್ಕಿನ ಶಾಸನವು ಎಂಟನೆಯ ತರಗತಿ ಮುಗಿಯುವವರೆಗೆ ಬೋರ್ಡಿನ ಪರೀಕ್ಷೆ ಕೂಡದೆಂದಿತು. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಿಗೆ ವರ್ಷಾಂತ್ಯದಲ್ಲಿ ಪರೀಕ್ಷೆಯನ್ನು ವಿಧಿಸಿ, ಹಿಂದೆ ಬಿದ್ದವರಿಗೆ ಹೆಚ್ಚಿನ ಪಾಠವನ್ನೂ, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆಯನ್ನೂ ಕೊಡಬೇಕೆಂದಿತು. ಮಾತು ಒಳ್ಳೆಯದೇ. ಆದರೆ ನಮ್ಮ ಶಾಲೆಗಳು ಏಪ್ರಿಲ್ 10ರ ಸುಮಾರಿಗೆ ಮುಚ್ಚಿ ಮೇ ತಿಂಗಳ ಕೊನೆಗೆ ತೆರೆಯತಕ್ಕವು. ಆ ಎರಡು ತಿಂಗಳಲ್ಲಿ ಸುಮಾರು ಏಳು ವಾರ ಬಾಗಿಲಿಗೆ ಬೀಗ. ಹೆಚ್ಚಿನ ಪಾಠವನ್ನು ಯಾರು, ಎಲ್ಲಿ, ಯಾರಿಗೆ ಹೇಳಬೇಕು? ಹುಡುಗನು ಅಜ್ಜಿಯ ಊರಿನಲ್ಲಿ ಮಾವಿನ ಮರದ ಮೇಲಿರುತ್ತಾನೆ; ಇರಲೂ ಬೇಕು. ಉಪಾಧ್ಯಾಯನು ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ನಡುವೆಯೋ, 2023 ಮತ್ತು 2024ರಲ್ಲಿ ಆದಂತೆ ಚುನಾವಣೆಯ ಕೆಲಸದಲ್ಲಿಯೋ ಇರುತ್ತಾನೆ. ಜೂನಿನಲ್ಲಿ ಮಗುವಿಗೆ ಹೊಸ ತರಗತಿ, ಹೊಸ ಉಪಾಧ್ಯಾಯ. ಹಳೆಯ ಉತ್ತರಪತ್ರಿಕೆಯು ಯಾವ ಕಪಾಟಿನಲ್ಲಿದೆಯೋ!

ಆದಕಾರಣ ರಾಜ್ಯಕ್ಕೆಲ್ಲ ಒಂದೇ ಅಳತೆಗೋಲು ಬೇಕೆಂದಾದರೆ, ಅದನ್ನು ದಸರಾ ರಜೆಯಾದ ಮೇಲೆ, ಕಾರ್ತಿಕ ಮಾಸದಲ್ಲಿ ಇಡಬಾರದೇಕೆ? ಅಷ್ಟು ಹೊತ್ತಿಗೆ ಅರ್ಧ ಪಾಠ ಮುಗಿದಿರುತ್ತದೆ, ತಿದ್ದಲು ನಾಲ್ಕು ತಿಂಗಳು ಉಳಿದಿರುತ್ತದೆ. ದಿನಾಂಕವನ್ನು ಶಾಲೆ ತೆರೆದ ದಿನವೇ ಸಾರಿಬಿಡಬೇಕು. ವ್ಯಾಜ್ಯವಾಡುವವರು ಆಗಲೇ ಆಡಿ ಮುಗಿಸಲಿ. ವೇಳೆಯು ಬೆಳಗ್ಗೆಯೇ ಇರಲಿ, ಊಟವಾದ ಮೇಲೆ ತೂಕಡಿಸುವ ಮಗುವಿನ ಗಣಿತವನ್ನು ಅಳೆದು ಫಲವಿಲ್ಲ. ತಿದ್ದಿದ ಪತ್ರಿಕೆಯು ವಾರದೊಳಗೆ ಮಗುವಿನ ಕೈಗೆ ಬರತಕ್ಕದ್ದು. ಅಂಕಗಳು ಇಲಾಖೆಗೆ ಸಾವಕಾಶವಾಗಿ ಹೋದರೂ ನಷ್ಟವಿಲ್ಲ.

ಇಷ್ಟನ್ನೂ ಕೇಳಿ ನೆರೆಮನೆಯವರು, "ಇಲಾಖೆಯ ಮಾತಿರಲಿ, ಈಗ ನಾನೇನು ಮಾಡಲಿ?" ಎಂದರು. ಹುಡುಗಿಯನ್ನು ಪುಸ್ತಕದೊಡನೆ ಕಳುಹಿಸಿರೆಂದೆನು. ಮರುದಿನ ಅವಳು ಬಂದಳು. 612ನ್ನು 6ರಿಂದ ಭಾಗಿಸಿ 12 ಎಂದು ಬರೆದಿದ್ದಳು. ಭಾಗಲಬ್ಧದ ನಡುವಿನ ಸೊನ್ನೆಯು ಎಂದೋ ಬಿಟ್ಟುಹೋಗಿದೆ, ಯಾರೂ ಕಂಡಿಲ್ಲ. ಹುಣಸೆಬೀಜಗಳನ್ನು ನೂರು, ಹತ್ತು, ಬಿಡಿಯೆಂದು ಹರಡಿ ತೋರಿಸಿದೆನು. "ಹತ್ತರ ಮನೆ ಖಾಲಿ, ತಾತ!" ಎಂದು ತಾನೇ ಕೂಗಿದಳು. ನಾಳೆಯೂ ಬಾ ಎಂದಿದ್ದೇನೆ.